ಪ್ಯಾಸಿವ್ ಬೇಸ್‌ಗೆ ಪ್ರೀಆಂಪ್: ಮೊದಲು ಜ್ಯಾಕ್ ಬದಲಿಸಿ

ಅಣ್ಣಾ, ನಿಮ್ಮದು ಜಾಜ್ ಮಾದರಿಯ ನಾಲ್ಕು ತಂತಿಯ ಬೇಸ್ ಗಿಟಾರ್, ಎರಡು ವಾಲ್ಯೂಮ್, ಒಂದು ಟೋನ್. ಬೆಳಗಾವಿ ಗಣೇಶೋತ್ಸವದ ಸ್ಟೇಜ್‌ನಲ್ಲಿ ಉದ್ದ ಕೇಬಲ್ ಹಾಕಿದರೆ ಸೌಂಡ್ ಮಂಕಾಗುತ್ತದೆ ಅಂತ 9 ವೋಲ್ಟ್ ಪ್ರೀಆಂಪ್ (ಸಿಗ್ನಲ್‌ಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್) ತಂದಿದ್ದೀರಿ. ಬ್ಯಾಟರಿಯ ಕರಿ ವೈರ್ ಎಲ್ಲಿ ಹಾಕಬೇಕು, ಕೇಬಲ್ ಚುಚ್ಚುವ ಜ್ಯಾಕ್‌ನಲ್ಲಿ ಎರಡೇ ಕಾಲು ಇವೆಯಲ್ಲ ಅಂತ ಕೇಳಿದ್ದೀರಿ.

ಪ್ರೀಆಂಪ್ ತಂದಿದ್ದು ಒಳ್ಳೆಯದೇ ಆಯಿತು. ಪಿಕಪ್ ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ. ನಿಮ್ಮದು ಪ್ಯಾಸಿವ್, ಅಂದರೆ ಬ್ಯಾಟರಿ ಇಲ್ಲದ್ದು. ಅದರ ಇಂಪೆಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಜಾಸ್ತಿ, ಹಾಗಾಗಿ ಉದ್ದ ಕೇಬಲ್‌ನ ಕೆಪಾಸಿಟೆನ್ಸ್ ಟ್ರೆಬಲ್ (ಚೂಪಾದ ಸೌಂಡ್) ತಿಂದುಬಿಡುತ್ತದೆ. ಗಿಟಾರಿನೊಳಗೆ ಪ್ರೀಆಂಪ್ ಇದ್ದರೆ ಸಿಗ್ನಲ್ ಕಡಿಮೆ ಇಂಪೆಡೆನ್ಸ್‌ನಲ್ಲಿ ಹೊರಡುತ್ತದೆ, ಕೇಬಲ್ ಅದನ್ನು ಅಷ್ಟು ಕೆಡಿಸುವುದಿಲ್ಲ. ಈಗಿನ ಟೋನ್ ಪಾಟ್ (ನಾಬ್‌ನ ಕೆಳಗಿನ ತಿರುಗುವ ಭಾಗ) ಟ್ರೆಬಲ್ ಇಳಿಸುತ್ತದೆ ಅಷ್ಟೇ. ಪ್ರೀಆಂಪ್ ಏರಿಸಲೂಬಲ್ಲದು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್ ಹೆಸರು ಮಾಡಿದ್ದೇ ಒಳಗಿನ ಪ್ರೀಆಂಪ್‌ನಿಂದ.

ಈಗ ಕರಿ ವೈರ್. ಎರಡು ಕಾಲಿನ ಮೋನೋ ಜ್ಯಾಕ್ ತೆಗೆದು ಮೂರು ಕಾಲಿನ ಸ್ಟೀರಿಯೋ ಜ್ಯಾಕ್ ಹಾಕಿ. ಅದರಲ್ಲಿ ಪ್ಲಗ್‌ನ ತುದಿಗೆ ತಾಗುವುದು ಟಿಪ್, ನಡುವಿಗೆ ತಾಗುವುದು ರಿಂಗ್, ಬುಡಕ್ಕೆ ತಾಗುವುದು ಸ್ಲೀವ್. ಬ್ಯಾಟರಿಯ ಕರಿ ವೈರ್ ರಿಂಗ್ ಕಾಲಿಗೆ. ಕೆಂಪು ವೈರ್ ನೇರ ಪ್ರೀಆಂಪ್‌ನ ಪ್ಲಸ್‌ಗೆ. ಪ್ರೀಆಂಪ್ ಔಟ್‌ಪುಟ್ ಟಿಪ್‌ಗೆ (ಕೆಳಗೆ ಹೇಳುವ ಬೈಪಾಸ್ ಹಾಕಿದರೆ ನೇರ ಅಲ್ಲ, ಸ್ವಿಚ್ ಮೂಲಕ). ಪ್ರೀಆಂಪ್, ಪಿಕಪ್, ಪಾಟ್‌ಗಳ ಬೆನ್ನು, ಬ್ರಿಜ್ (ತಂತಿ ಕೂರುವ ಲೋಹದ ತುಂಡು), ಇವುಗಳ ಅರ್ಥ್ ವೈರ್ ಎಲ್ಲವೂ ಸ್ಲೀವ್‌ಗೆ. ಮಾಮೂಲಿ ಮೋನೋ ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಸ್ಲೀವ್ ಎರಡೂ ಕಡೆ ತಾಗಿ ರಿಂಗನ್ನು ಅರ್ಥ್‌ಗೆ ಸೇರಿಸುತ್ತದೆ, ಬ್ಯಾಟರಿ ಆನ್ ಆಗುತ್ತದೆ. ಕರಿ ವೈರ್ ಸ್ಲೀವ್‌ಗೇ ಹಾಕಿದರೂ ಸೌಂಡ್ ಬರುತ್ತದೆ, ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ. ಆದರೆ ಕೇಬಲ್ ತೆಗೆದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಯಾವ ಕಾಲು ಯಾವುದು ಅನ್ನೋದು ಜ್ಯಾಕ್‌ನಿಂದ ಜ್ಯಾಕ್‌ಗೆ ಬೇರೆ. ಸುಮ್ನೆ ಊಹೆ ಮಾಡಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ.

ಹಳೆಯ 250ಕೆ ವಾಲ್ಯೂಮ್ ಪಾಟ್ ಹಾಗೇ ಇರಲಿ. ಕೆಲವು ಕಿಟ್‌ನಲ್ಲಿ 25ಕೆ ವಾಲ್ಯೂಮ್ ಪಾಟ್ ಬರುತ್ತದೆ, ಅದು ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಪಿಕಪ್‌ಗೆ. ಪ್ರೀಆಂಪ್‌ಗಿಂತ ಮುಂಚೆ ನಿಮ್ಮ ಪಿಕಪ್‌ಗೆ ಹಾಕಿದರೆ ಸೌಂಡ್ ಇನ್ನೂ ಮಂಕಾಗುತ್ತದೆ. ಟೋನ್ ಇದ್ದ ತೂತಿಗೆ ಬೇಸ್-ಟ್ರೆಬಲ್ ಎರಡೂ ಸೇರಿದ ಜೋಡಿ ಪಾಟ್ ಹಾಕಿ. ಗಿಟಾರಿನ ಬಾಡಿಯಲ್ಲಿ ಹೊಸ ತೂತು ಕೊರೆಯುವುದು ಬೇಡ.

ನನ್ನ ಮಾತು ಕೇಳಿದರೆ ಬೈಪಾಸ್ (ಪ್ರೀಆಂಪ್ ಬಿಟ್ಟು ಸಿಗ್ನಲ್ ನೇರ ಹೊರಡುವ ದಾರಿ) ಒಂದನ್ನು ಖಂಡಿತ ಹಾಕಿ. ಹಾಡಿನ ನಡುವೆ ಬ್ಯಾಟರಿ ಕೈಕೊಟ್ಟರೆ ಬೇಸ್ ಪೂರ್ತಿ ನಿಂತುಹೋಗುತ್ತದೆ, ಅಲ್ವಾ? ಒಂದು ವಾಲ್ಯೂಮ್ ಜಾಗದಲ್ಲಿ 250ಕೆ ಪುಶ್-ಪುಲ್ (ಒತ್ತಿ-ಎಳೆಯುವ) ಪಾಟ್ ಹಾಕಿ, ಅದರ ಕೆಳಗೆ ಆರು ಕಾಲಿನ ಸ್ವಿಚ್ ಇರುತ್ತದೆ. ನಡುವಿನ ಎರಡು ಕಾಲಿನಲ್ಲಿ ಒಂದಕ್ಕೆ ವಾಲ್ಯೂಮ್‌ನಿಂದ ಬರುವ ಸಿಗ್ನಲ್, ಇನ್ನೊಂದಕ್ಕೆ ಜ್ಯಾಕ್‌ನ ಟಿಪ್. ಒಂದು ಬದಿಯ ಎರಡು ಕಾಲು ಪ್ರೀಆಂಪ್‌ನ ಇನ್‌ಪುಟ್ ಮತ್ತು ಔಟ್‌ಪುಟ್‌ಗೆ. ಇನ್ನೊಂದು ಬದಿಯ ಎರಡು ಕಾಲನ್ನು ಒಂದು ತುಂಡು ವೈರ್‌ನಿಂದ ಜೋಡಿಸಿ. ಬೈಪಾಸ್‌ನಲ್ಲಿ ಟೋನ್ ಇರಲ್ಲ, ಆದರೆ ಕಾರ್ಯಕ್ರಮ ನಡೆಯುತ್ತದೆ. ಈ ಪಾಟ್ ಸ್ವಲ್ಪ ಉದ್ದ. ಒಳಗಿನ ಆಳ ಅಳೆದು ತನ್ನಿ.

ಬ್ಯಾಟರಿ ತೆಗೆದಿಟ್ಟೇ ಸೋಲ್ಡರ್ ಮಾಡಿ. ಪಾಟ್ ಬೆನ್ನನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಸೋಲ್ಡರ್ ಬೇಗ ಹಿಡಿಯುತ್ತದೆ. ಮುಚ್ಚುವ ಮುಂಚೆ ಆಂಪ್‌ಗೆ ಹಚ್ಚಿ ಪಿಕಪ್ ಮೇಲೆ ಸ್ಕ್ರೂಡ್ರೈವರ್ ತಟ್ಟಿ ನೋಡಿ. ಗುಂಯ್ ಅನ್ನೋ ಹಮ್ ಬಂದು, ಜ್ಯಾಕ್‌ನ ಲೋಹ ಮುಟ್ಟಿದಾಗ ಕಡಿಮೆಯಾಗಿ ತಂತಿ ಮುಟ್ಟಿದಾಗ ಆಗದಿದ್ದರೆ, ಬ್ರಿಜ್‌ನ ಅರ್ಥ್ ವೈರ್ ಬಿಟ್ಟಿದೆ ಅಂತ ಅರ್ಥ. ಬ್ಯಾಟರಿಯನ್ನು ಫೋಮ್‌ನಲ್ಲಿ ಸುತ್ತಿಡಿ.

ನಮ್ಮ ಬೆಳಗಾವಿ ಮಳೆಗಾಲದ ತೇವಕ್ಕೆ ಜ್ಯಾಕ್ ಬೇಗ ಕಪ್ಪಾಗುತ್ತದೆ. ಇನ್ನು ಮೇಲೆ ಕರೆಂಟೂ ಅದರಿಂದಲೇ ಹಾಯುತ್ತದೆ, ಆಗಾಗ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಎರಡು ಬ್ಯಾಟರಿ ಜೋಡಿಸಿ 18 ವೋಲ್ಟ್ ಕೊಡುವ ಆಸೆ ಇದ್ದರೆ, ಪ್ರೀಆಂಪ್‌ನ ಕಾಗದದಲ್ಲಿ 18 ಅಂತ ಬರೆದಿದ್ದರೆ ಮಾತ್ರ ಕೊಡಿ.