ಓದುಗರ ಪ್ರಶ್ನೆ: ಪ್ಲುಟೋನಿಯಂ ಕಸವೇ, ಉರುವಲೇ?

ಪ್ರಶ್ನೆ: ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯವನ್ನು ಮುಚ್ಚಿದ ಚಿನ್ನದ ಗಣಿಗಳಲ್ಲಿ ಹೂಳುವರೆಂಬ ಸುದ್ದಿ 2012ರಲ್ಲಿ ಬಂದಾಗ ನಮ್ಮ ಊರು ಬೀದಿಗಿಳಿದಿತ್ತು. ಆಗ ಎಲ್ಲರ ಬಾಯಲ್ಲಿದ್ದ ಹೆಸರು ಪ್ಲುಟೋನಿಯಂ. ಸ್ಥಾವರಕ್ಕೆ ಹಾಕುವುದು ಯುರೇನಿಯಂ ಆಗಿರುವಾಗ ಇದು ಎಲ್ಲಿಂದ ಬರುತ್ತದೆ? ಇದನ್ನು ಹೂಳಲೇಬೇಕೆ?
– ಓದುಗರೊಬ್ಬರು, ಕೆಜಿಎಫ್, ಕೋಲಾರ ಜಿಲ್ಲೆ

ಉತ್ತರ: ಆ ಪ್ರಸ್ತಾಪವನ್ನು ಕೇಂದ್ರ ಸರ್ಕಾರ ಆಗಲೇ ಕೈಬಿಟ್ಟಿತು. ಆದರೆ ನಿಮ್ಮ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದಲ್ಲ.

ನಮ್ಮ ಕೈಗಾ ಸ್ಥಾವರದಲ್ಲಿ ಬಳಸುವಂಥ ನೈಸರ್ಗಿಕ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಏಳೇ ಏಳು. ಉಳಿದವು ಬಹುತೇಕ ಯುರೇನಿಯಂ-238. ಏಳರಲ್ಲೊಂದು ಸೀಳಿದಾಗ ಹೊರಚಿಮ್ಮುವ ನ್ಯೂಟ್ರಾನನ್ನು ಪಕ್ಕದ 238 ನುಂಗಿಕೊಂಡರೆ ಅದು ಯುರೇನಿಯಂ-239 ಆಗುತ್ತದೆ. ಇದರ ಅರ್ಧಾಯುಷ್ಯ (ಇರುವುದರಲ್ಲಿ ಅರ್ಧ ಭಾಗ ಬೇರೆ ಧಾತುವಾಗಿ ಮಾರ್ಪಡಲು ಹಿಡಿಯುವ ಕಾಲ) ಇಪ್ಪತ್ತಮೂರು ನಿಮಿಷದಷ್ಟೇ ಆದ್ದರಿಂದ ಬೇಗನೆ ನೆಪ್ಚೂನಿಯಂ ಆಗಿ, ಅದು ಮತ್ತೆ ಎರಡು ಮೂರು ದಿನಗಳ ಅರ್ಧಾಯುಷ್ಯದಲ್ಲಿ ಪ್ಲುಟೋನಿಯಂ-239 ಆಗಿ ನಿಲ್ಲುತ್ತದೆ. ನಿಲ್ಲುತ್ತದೆ ಎಂದೆ, ಏಕೆಂದರೆ ಇದರ ಅರ್ಧಾಯುಷ್ಯ ಸುಮಾರು 24,100 ವರ್ಷ. ಯಾರೂ ಬೇಕೆಂದು ಸೇರಿಸಿದ್ದಲ್ಲ. ಯುರೇನಿಯಂ ಉರಿಸಿದಲ್ಲೆಲ್ಲ ತಾನಾಗಿಯೇ ಹುಟ್ಟುತ್ತದೆ.

ಹುಟ್ಟಿದ್ದೆಲ್ಲ ಉಳಿಯುವುದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಪ್ಲುಟೋನಿಯಂ-239 ಕೂಡ ಸೀಳುವ ಗುಣದ್ದೇ. ಕೈಗಾದಂಥ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ಸ್ಥಾವರ ಕೊಡುವ ಶಕ್ತಿಯಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು, ಅಲ್ಲಿಯೇ ಹುಟ್ಟಿ ಅಲ್ಲಿಯೇ ಉರಿದ ಪ್ಲುಟೋನಿಯಂನದು. ಹೊರತೆಗೆದ ಇಂಧನದ ಒಂದು ಕಿಲೋದಲ್ಲಿ ಉಳಿದಿರುವುದು ಸುಮಾರು ನಾಲ್ಕು ಗ್ರಾಂ. ಇದನ್ನು ರಾಸಾಯನಿಕವಾಗಿ ಬೇರ್ಪಡಿಸುವ ಕೆಲಸ ಟ್ರಾಂಬೆಯಲ್ಲಿ 1964ರಿಂದ ನಡೆದಿದೆ, ಮುಂದೆ ತಾರಾಪುರ, ಕಲ್ಪಾಕ್ಕಂಗಳಲ್ಲೂ. ಹೋಮಿ ಭಾಭಾ ರೂಪಿಸಿದ, ಮೂರು ಹಂತಗಳ ಭಾರತದ ಅಣುಶಕ್ತಿ ಯೋಜನೆಯಲ್ಲಿ ಎರಡನೆಯ ಹಂತದ ಉರುವಲೇ ಇದು. ಕಲ್ಪಾಕ್ಕಂನ 500 ಮೆಗಾವಾಟ್ ಶೀಘ್ರ ಸಂವರ್ಧಕ (ಉರಿಸುವುದಕ್ಕಿಂತ ಹೆಚ್ಚು ಉರುವಲನ್ನು ಹುಟ್ಟಿಸುವ) ಸ್ಥಾವರಕ್ಕೆ ರೂಪಿಸಿರುವ ಇಂಧನವೂ ಯುರೇನಿಯಂ, ಪ್ಲುಟೋನಿಯಂ ಆಕ್ಸೈಡ್‌ಗಳ ಮಿಶ್ರಣ. ಹಾಗಾಗಿ ನಮ್ಮ ದೇಶದ ಲೆಕ್ಕದಲ್ಲಿ ಇದು ಕಸವಲ್ಲ. ಬಾಂಬಿಗೂ ಬಳಕೆಯಾಗುವ ವಸ್ತು ಎಂಬ ಕಾರಣಕ್ಕೆ ಇದರ ಒಂದೊಂದು ಗ್ರಾಮಿಗೂ ಲೆಕ್ಕವಿಡಬೇಕಾಗುತ್ತದೆ ಎಂಬುದು ಬೇರೆ ಮಾತು.

ಪ್ಲುಟೋನಿಯಂ ಸೂಸುವ ವಿಕಿರಣವಾದ ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ಆದರೆ ಧೂಳಾಗಿ ಶ್ವಾಸಕೋಶ ಸೇರಿದರೆ ಬಹುಕಾಲ ಅಲ್ಲೇ ಉಳಿದು ಕ್ಯಾನ್ಸರ್ ತರಬಲ್ಲದು. ಪ್ಲುಟೋನಿಯಂ ತೆಗೆದ ಮೇಲೆ ಉಳಿಯುವ, ಸೀಸಿಯಂ, ಸ್ಟ್ರಾನ್ಷಿಯಂಗಳಿರುವ ದ್ರವವೇ ನಿಜವಾದ ತ್ಯಾಜ್ಯ. ಅದನ್ನು ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಗಟ್ಟಿಗೊಳಿಸುತ್ತಾರೆ. ಅಂಥ ಡಬ್ಬಿಗಳನ್ನು ಹೂಳಲು ಬೇಕಾದದ್ದು ನೀರು ಹರಿಯದ, ಬಿರುಕಿಲ್ಲದ ಬಂಡೆ. ನೂರು ವರ್ಷಕ್ಕೂ ಮಿಕ್ಕಿ ಸಿಡಿಮದ್ದು ಸಿಡಿಸಿದ, 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ ನಿಮ್ಮ ಗಣಿಗಳು ಅಂಥವಲ್ಲ ಎಂಬುದು ನನ್ನ ಅಭಿಪ್ರಾಯ.