ಮನೆಯ ವೈನಿಗೆ ಯಾವ ಪಾತ್ರೆ?

ಪ್ರಶ್ನೆ: ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ತೋಟದ ಮನೆ. ಅಜ್ಜಿಯ ಕಾಲದಿಂದಲೂ ದ್ರಾಕ್ಷಿ ಮತ್ತು ನೆಲ್ಲಿಕಾಯಿಯ ವೈನನ್ನು ಪಿಂಗಾಣಿ ಭರಣಿಯಲ್ಲಿ ಹಾಕುತ್ತಿದ್ದೆವು. ಭರಣಿ ಒಡೆದುದರಿಂದ ಕಳೆದ ವರ್ಷ 20 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದ್ರಾಕ್ಷಿ ವೈನ್ ಹಾಕಿ, ಸೋಸಿದ ಮೇಲೆ ಅದರಲ್ಲೇ ಇಟ್ಟೆವು. ಮೊದಲ ತಿಂಗಳು ಚೆನ್ನಾಗಿಯೇ ಇದ್ದುದು ಆರನೆಯ ತಿಂಗಳಿಗೆ ಹುಳಿಯಾಗಿ ವಿನೆಗರ್ ವಾಸನೆ ಬಂತು. ತಪ್ಪು ಪ್ಲಾಸ್ಟಿಕ್ಕಿನದೇ? ಈ ಸಲ ಗಾಜಿನದನ್ನೇ ಕೊಳ್ಳಬೇಕೇ?

ಉತ್ತರ: ಇಡೀ ತಪ್ಪನ್ನು ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವುದು ಸರಿಯಾಗದು. ಅದು ಮೊದಲ ವಾರಕ್ಕೆ ತಕ್ಕ ಪಾತ್ರೆ. ನೀವು ಅದರಲ್ಲಿ ಆರು ತಿಂಗಳು ಇಟ್ಟಿರಿ.

ದ್ರಾಕ್ಷಿಯನ್ನು ಹಿಸುಕಿ ಸಕ್ಕರೆ, ಯೀಸ್ಟ್ ಸೇರಿಸಿದ ಮೇಲೆ ನಡೆಯುವ ಜೋರಾದ ಹುದುಗುವಿಕೆಯಲ್ಲಿ 1 ಕಿಲೋಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್, ಎಂದರೆ 250 ಲೀಟರಿಗೂ ಹೆಚ್ಚು ಅನಿಲ, ಹೊರಬರುತ್ತದೆ. ಆ ಅನಿಲವೇ ಒಳಗಿನ ಗಾಳಿಯನ್ನು ಹೊರಗೆ ತಳ್ಳುವುದರಿಂದ ಆ ದಿನಗಳಲ್ಲಿ ಪಾತ್ರೆ ಯಾವುದೆಂಬುದು ದೊಡ್ಡ ವಿಷಯವಲ್ಲ. ಬದಲಿಗೆ ಮೇಲೆ ತೇಲಿಬರುವ ಸಿಪ್ಪೆಯನ್ನು ದಿನಕ್ಕೆ ಎರಡು ಸಲ ಮರದ ಸೌಟಿನಿಂದ ಒಳಗೆ ಅದುಮಲು ಅಗಲ ಬಾಯಿ ಬೇಕು, ನೊರೆ ಉಕ್ಕದಿರಲು ಕಾಲುಭಾಗವಾದರೂ ಖಾಲಿ ಜಾಗ ಬೇಕು. ಹಗುರವಾದ, ಒಡೆಯದ, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ ಇದಕ್ಕೆ ಗಾಜಿಗಿಂತ ಅನುಕೂಲವೆಂದೇ ನನ್ನ ಅಭಿಪ್ರಾಯ.

ಸೋಸಿದ ಮೇಲೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಅನಿಲ ಕಡಿಮೆಯಾಗುತ್ತದೆ, ಖಾಲಿ ಜಾಗದಲ್ಲಿ ಗಾಳಿ ಸೇರುತ್ತದೆ, ಮದ್ಯಸಾರವನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಮ್ಲಜನಕ ಸಿಕ್ಕಿಬಿಡುತ್ತದೆ. ನಿಮ್ಮ ವೈನಿನ ಪಾಲಿಗೆ ಬಹುಶಃ ಮುಖ್ಯ ಶತ್ರುವಾದದ್ದು ಸಡಿಲ ಮುಚ್ಚಳ ಮತ್ತು ಅರೆಬರೆ ತುಂಬಿದ ಡ್ರಮ್. ಅದರ ಜೊತೆಗೆ, ಇಂಥ ಡ್ರಮ್ಮುಗಳನ್ನು ಸಾಮಾನ್ಯವಾಗಿ ಮಾಡುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೇ ಆಮ್ಲಜನಕ ನಿಧಾನವಾಗಿ ಒಳಗೆ ಬರುತ್ತದೆ. ಒಂದು ವಾರದಲ್ಲಿ ಇದರಿಂದ ಏನೂ ಆಗದು. ಆರು ತಿಂಗಳಲ್ಲಿ ಬಣ್ಣ ಕಂದಿ, ಪರಿಮಳ ಮಂಕಾಗುತ್ತದೆ. ನೀರಿನ ಬಾಟಲಿಗಳ ಪೆಟ್ ಪ್ಲಾಸ್ಟಿಕ್ ಆಮ್ಲಜನಕವನ್ನು ಇದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ತಡೆಯುತ್ತದಾದರೂ ಪೂರ್ತಿ ತಡೆಯುವುದು ಗಾಜು ಮಾತ್ರ.

ಆದ್ದರಿಂದ ಸೋಸಿದ ವೈನನ್ನು ಗಾಜಿಗೆ ಸುರಿದು, ಕತ್ತಿನವರೆಗೂ ತುಂಬಿಸಿ. ಗಟ್ಟಿ ಮುಚ್ಚಳವನ್ನು ಮಾತ್ರ ಆಗಲೇ ಬಿಗಿಯಬೇಡಿ, ಉಳಿದ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು. ಅನಿಲವನ್ನು ಹೊರಗೆ ಮಾತ್ರ ಬಿಡುವ ಏರ್‌ಲಾಕ್ ಸಿಗದಿದ್ದರೆ ಬಿರಡೆಗೆ ರಂಧ್ರ ಮಾಡಿ ಸಣ್ಣ ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಡಿ. ಗುಳ್ಳೆ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ವೈನಿನ ಆಮ್ಲಕ್ಕೆ ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತದೆಯಾದ್ದರಿಂದ ಅದು ಬೇಡ. ಗಾಜಿನೊಳಗೆ ಬೆಳಕು ಹೋಗುವುದರಿಂದ ಜಾಡಿಗೆ ದಪ್ಪ ಬಟ್ಟೆ ಸುತ್ತಿಡುವುದೂ ಅಗತ್ಯ. ಭರಣಿಯಲ್ಲಿ ಈ ಚಿಂತೆ ಇರಲಿಲ್ಲ.

ಒಂದೇ ದೊಡ್ಡ ಜಾಡಿಗಿಂತ 5 ಲೀಟರಿನ ನಾಲ್ಕು ಜಾಡಿಗಳನ್ನು ಕೊಳ್ಳುವುದೇ ಮೇಲು. 20 ಲೀಟರ್ ತುಂಬಿದ ಗಾಜಿನ ಪಾತ್ರೆ 25 ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ. ಒದ್ದೆ ಕೈಯಿಂದ ಅದನ್ನು ಎತ್ತುವಾಗ ಜಾರಿದರೆ ಹೋಗುವುದು ವೈನ್ ಮಾತ್ರವಲ್ಲ, ಕಾಲಿಗೂ ಅಪಾಯ. ತಣ್ಣಗಿರುವ ಗಾಜಿಗೆ ಕುದಿಯುವ ನೀರನ್ನು ಒಮ್ಮೆಲೇ ಸುರಿಯಬೇಡಿ.

ನಿಮ್ಮ ಬಕೆಟ್ಟನ್ನು ತೆಂಗಿನ ನಾರಿನಿಂದ ಉಜ್ಜುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಹಾಗೆ ಉಜ್ಜಿದಾಗ ಬೀಳುವ ಗೀರುಗಳಲ್ಲಿ ಅಡಗಿದ ಸೂಕ್ಷ್ಮಜೀವಿಗಳನ್ನು ತೊಳೆದು ತೆಗೆಯುವುದು ಬಹಳ ಕಷ್ಟ. ಪ್ಲಾಸ್ಟಿಕ್ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ: ಉಪ್ಪಿನಕಾಯಿ ಇಟ್ಟಿದ್ದ ಡಬ್ಬವನ್ನು ನಾನು ಮೂರು ದಿನ ಬಿಸಿಲಿಗೆ ಒಣಗಿಸಿ ವೈನ್ ಹಾಕಿದ್ದೆ, ಇಂಗಿನ ವಾಸನೆ ಕೊನೆಯವರೆಗೂ ಹೋಗಲೇ ಇಲ್ಲ. ಬಣ್ಣದ, ಗೊಬ್ಬರದ, ಔಷಧಿಯ ಡಬ್ಬಗಳನ್ನಂತೂ ಎಷ್ಟು ತೊಳೆದಿದ್ದರೂ ಬಳಸಲೇಬಾರದು.

ಮತ್ತೆ ಭರಣಿಯನ್ನೇ ತರುವ ಮನಸ್ಸಿದ್ದರೆ ಹೊಸದನ್ನೇ ತನ್ನಿ. ಹಳೆಯ ಭರಣಿಗಳ ಮೆರುಗಿನಲ್ಲಿ ಸೀಸ ಇರಬಹುದು, ಆಮ್ಲ ಅದನ್ನು ಕರಗಿಸುತ್ತದೆ. ಮೆರುಗು ಬಿರುಕುಬಿಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು.

ಪ್ರಶ್ನೆ: ಕುಡಿಯುವ ನೀರು ಬರುವ 20 ಲೀಟರಿನ ಕ್ಯಾನಿನಲ್ಲಿ ಕ್ರಿಸ್‌ಮಸ್ ವೈನ್ ಹಾಕಬಹುದೇ? ಮಂಗಳೂರಿನಲ್ಲಿ ಪರಿಚಯದವರೊಬ್ಬರು ಹಾಗೆ ಮಾಡುತ್ತಾರೆ.

ಉತ್ತರ: ಕ್ಯಾನಿನ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿಯನ್ನು ಮೊದಲು ನೋಡಿ. 1 ಎಂದಿದ್ದರೆ ಪೆಟ್. ಹೊಸದಾಗಿದ್ದರೆ, ಸೋಸಿದ ವೈನನ್ನು ಕೆಲವು ತಿಂಗಳು ಇಡಲು ಅಡ್ಡಿಯಿಲ್ಲ. 7 ಎಂದಿದ್ದರೆ ಅದು ಪಾಲಿಕಾರ್ಬೊನೇಟ್ ಆಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿರುವ ಬಿಸ್ಫಿನಾಲ್ ಎ ಎಂಬ ರಾಸಾಯನಿಕ, ಕ್ಯಾನ್ ಹಳತಾದಂತೆ ಮತ್ತು ಬಿಸಿ ತಗುಲಿದಂತೆ ಒಳಗಿನ ದ್ರವಕ್ಕೆ ಇಳಿಯಬಲ್ಲದಾದ್ದರಿಂದ ಅಂಥದ್ದನ್ನು ಬಳಸಬೇಡಿ. ಯಾವ ಅಂಕಿಯಿದ್ದರೂ ಸಿಪ್ಪೆ ಸಮೇತ ಹುದುಗಿಸಲು ಇದು ತಕ್ಕುದಲ್ಲ: ಆ ಕಿರಿದಾದ ಕತ್ತಿನಲ್ಲಿ ಸಿಪ್ಪೆ ಸಿಕ್ಕಿಕೊಂಡು ಅನಿಲದ ದಾರಿ ಕಟ್ಟುತ್ತದೆ, ಕೈ ಹೋಗದ ಕಾರಣ ಒಳಗೆ ಅಂಟಿದ ಮಡ್ಡಿಯನ್ನು ತೊಳೆಯಲೂ ಆಗುವುದಿಲ್ಲ.