ಫ್ರೀಜರ್ ಶಬ್ದ: ಮೋಟಾರ್ ಬದಲಿಸುವ ಮೊದಲು ಐಸ್ ಎಲ್ಲಿಂದ ಬಂತು ನೋಡಿ

ಸರ್, ಫ್ರೀಜರ್ ಶಬ್ದ ಮಾಡುತ್ತದೆ ಅಂತ ನಿಮ್ಮ ಪ್ರಶ್ನೆಯ ಜೊತೆ ಹಾಕಿದ ಆಡಿಯೊ ಕೇಳಿದೆ. ಟರ್ ಟರ್ ಅಂತ ಕೆರೆಯುವ ಶಬ್ದ. ಎರಡು ಗಂಟೆ ಆಫ್ ಮಾಡಿ, ಸ್ಕ್ರೂಡ್ರೈವರ್‌ನಲ್ಲಿ ಐಸ್ ಕೆತ್ತಿ ತೆಗೆದರೆ ನಿಲ್ಲುತ್ತದೆ, ಒಂದು ವಾರಕ್ಕೆ ಮತ್ತೆ ಶುರು ಅಂದಿದ್ದೀರಿ. ಈಗ ಒಳಗೆ ತಂಪು ಗಾಳಿ ಹರಡುವ ಫ್ಯಾನಿಗೆ ಹೊಸ ಮೋಟಾರ್ ತರಿಸುವ ಯೋಚನೆ. ದಯವಿಟ್ಟು ಸ್ವಲ್ಪ ತಡೆಯಿರಿ. ನಮ್ಮ ಮನೆಯ ಫ್ರೀಜರ್‌ಗೂ ಹೀಗೇ ಮೋಟಾರ್ ಬದಲಾಗಿತ್ತು. ಹೊಸ ಮೋಟಾರ್ ಹಾಕಿದ ಮೇಲೂ ಅದೇ ಶಬ್ದ. ಬ್ಲೇಡಿಗೆ ಐಸ್ ತಾಗುತ್ತಿತ್ತು, ಮೋಟಾರಿನದೇನೂ ತಪ್ಪಿರಲಿಲ್ಲ.

ಮೊದಲು ಶಬ್ದ ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಬಾಗಿಲು ತೆರೆದಾಗ ಶಬ್ದ ನಿಂತು, ಡೋರ್ ಸ್ವಿಚ್ ಬೆರಳಲ್ಲಿ ಒತ್ತಿ ಹಿಡಿದಾಗ ಮತ್ತೆ ಬಂದರೆ ಅದು ಒಳಗಿನ ಫ್ಯಾನೇ. ಸ್ವಿಚ್ ಕಾಣದಿದ್ದರೆ ನಿಮ್ಮದು ಮ್ಯಾಗ್ನೆಟ್ ಮಾದರಿ ಇರಬಹುದು, ಬಾಗಿಲಿನ ಮ್ಯಾಗ್ನೆಟ್ ಬಂದು ಕೂರುವ ಜಾಗದಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಹಿಡಿದು ನೋಡಿ. ಒತ್ತಿದ ತಕ್ಷಣ ಫ್ಯಾನ್ ತಿರುಗಲಿಲ್ಲ ಅಂತ ಗಾಬರಿ ಬೇಡ. ಡಿಫ್ರಾಸ್ಟ್, ಅಂದರೆ ಫ್ರೀಜರ್ ತಾನಾಗಿಯೇ ಹಿಮ ಕರಗಿಸಿಕೊಳ್ಳುವುದು, ನಡೆಯುತ್ತಿದ್ದರೆ ಫ್ಯಾನ್ ತಿರುಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬಾಗಿಲು ತೆರೆದರೂ ಶಬ್ದ ಹಾಗೇ ಇದ್ದರೆ ಹಿಂದೆ ಕೆಳಗಡೆ, ಕಂಪ್ರೆಸರ್ ಹತ್ತಿರ ಹುಡುಕಬೇಕು.

ಇನ್ನು ಎರಡು ಗಂಟೆಯ ಕಥೆ. ಅಷ್ಟರಲ್ಲಿ ಕರಗುವುದು ಮುಂದೆ ಕಾಣುವ ಐಸ್ ಮಾತ್ರ. ಕಾಯಿಲ್‌ನ (ಒಳಗಿನ ಹಿಂಗೋಡೆಯ ಪ್ಯಾನೆಲ್ ಹಿಂದೆ ಇರುವ, ತಂಪು ಮಾಡುವ ಪೈಪಿನ ಸುರುಳಿ) ರೆಕ್ಕೆಗಳ ಮಧ್ಯೆ, ಅದರ ಹಿಂದೆ, ಕೆಳಗಿನ ತೊಟ್ಟಿಯಲ್ಲಿ ಇರುವುದು ಹಾಗೇ ಇರುತ್ತದೆ. ಮೇಲಿಂದ ಕರಗಿದ ನೀರು ಕೆಳಗೆ ಇಳಿದು, ನೀವು ಆನ್ ಮಾಡಿದ ಕೂಡಲೇ ಅಲ್ಲೇ ಗಟ್ಟಿಯಾಗುತ್ತದೆ. ಮೊದಲಿದ್ದದ್ದು ಪುಡಿ ಪುಡಿ ಹಿಮ, ಈಗ ಗಾಜಿನಂಥ ಐಸ್. ಅದಕ್ಕೇ ಪ್ರತಿ ಸಲ ಶಬ್ದ ಜಾಸ್ತಿ ಆಗುತ್ತಾ ಬಂದಿರುವುದು.

ಪೂರ್ತಿ ಕರಗಿಸಿ. ಒಳಗಿನ ಸಾಮಾನೆಲ್ಲ ಬೇರೆ ಕಡೆ ಇಡಿ. ಪ್ಲಗ್ ಕಿತ್ತುಬಿಡಿ, ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಬಾಗಿಲು ಅಗಲವಾಗಿ ತೆರೆದು, ಕೆಳಗೆ ಹಳೆ ಟವೆಲ್ ಹಾಸಿ, ಹೊರಗಡೆ ಒಣಗಿದ ನೆಲದಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟು ಗಾಳಿ ಒಳಗೆ ಹೋಗುವ ಹಾಗೆ ತಿರುಗಿಸಿ. ಇಡೀ ರಾತ್ರಿ ಬಿಡಿ, ದಪ್ಪ ಐಸ್ ಇದ್ದರೆ ಮರುದಿನವೂ ಬಿಡಿ. ಅವಸರ ಇದ್ದರೆ ಒಳಗೊಂದು ಪಾತ್ರೆಯಲ್ಲಿ ಬಿಸಿನೀರು ಇಡಬಹುದು, ಕೆಳಗೆ ದಪ್ಪ ಬಟ್ಟೆ ಇರಲಿ. ಹೀಟ್ ಗನ್ ಮಾತ್ರ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಹೇರ್ ಡ್ರೈಯರ್ ಕೂಡ ನೀರಿನ ಹತ್ತಿರ ಅಪಾಯ.

ಸ್ಕ್ರೂಡ್ರೈವರ್ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಯಿಲ್ ತೆಳು ಅಲ್ಯೂಮಿನಿಯಂ. ಒಂದು ಚುಚ್ಚು ಸಾಕು, ಗ್ಯಾಸ್ ಹೋಯಿತು. ಈಗಿನ ಮನೆ ಫ್ರೀಜರ್‌ಗಳಲ್ಲಿ ಬಹಳಷ್ಟಕ್ಕೆ ಆರ್‌-600ಎ ಗ್ಯಾಸ್, ಅಂದರೆ ಐಸೊಬ್ಯುಟೇನ್, ಬೆಂಕಿ ಹತ್ತುವಂಥದ್ದು. ಲೇಬಲ್ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಇನ್ನು ಮುಂದೆ ಕೆತ್ತಲೇಬೇಡಿ.

ಕರಗಿಸುವ ಮುಂಚೆ ಒಂದು ಕೆಲಸ ಇದೆ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಪ್ಲಗ್ ಕಿತ್ತ ಮೇಲೆ ಫ್ರೀಜರ್ ಒಳಗಿನ ಹಿಂಗೋಡೆಯ ಪ್ಯಾನೆಲ್ ಬಿಚ್ಚಿ ಐಸ್‌ನ ಫೋಟೊ ತೆಗೆಯಿರಿ. ಪ್ಯಾನೆಲ್ ಐಸ್‌ಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಿಡುವಷ್ಟು ಕರಗಲಿ. ಇಡೀ ಕಾಯಿಲ್ ಮೇಲೆ ಒಂದೇ ಸಮ ದಪ್ಪ ಬಿಳಿ ಹಿಮ ಮುಚ್ಚಿದ್ದರೆ ಡಿಫ್ರಾಸ್ಟ್ ಆಗುತ್ತಿಲ್ಲ ಎಂದರ್ಥ: ಹೀಟರ್, ಬೈಮೆಟಲ್ (ಬಿಸಿಯಾದಾಗ ಹೀಟರ್ ಆಫ್ ಮಾಡುವ ಸ್ವಿಚ್), ಟೈಮರ್ ಇಲ್ಲವೇ ಸೆನ್ಸರ್ ಕೆಟ್ಟಿರಬಹುದು. ಬಾಗಿಲ ಕಡೆಯ ಒಂದು ಮೂಲೆಯಲ್ಲಿ ಮತ್ತು ಸಾಮಾನಿನ ಮೇಲೆ ಹಿಮದ ಪುಡಿ ಇದ್ದರೆ ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸುತ್ತಲಿನ ರಬ್ಬರ್, ಸರಿಯಾಗಿ ಕೂರುತ್ತಿಲ್ಲ. ಕಾಯಿಲ್ ಚೆನ್ನಾಗಿದ್ದು ಕೆಳಗೆ ಮಾತ್ರ ಹಲಗೆಯಂಥ ಐಸ್ ಇದ್ದರೆ ಡ್ರೈನ್, ಅಂದರೆ ಕರಗಿದ ನೀರು ಹೊರಗೆ ಹೋಗುವ ತೂತು, ಕಟ್ಟಿದೆ. ಕರಗಿದ ಮೇಲೆ ಈ ಸಾಕ್ಷಿ ಯಾವುದೂ ಉಳಿಯುವುದಿಲ್ಲ.

ನೀವು ಹೇಳಿದ್ದು ಕೇಳಿದರೆ ನನಗೆ ಡ್ರೈನ್ ಮೇಲೆ ಅನುಮಾನ. ಸೂಜಿ ತೆಗೆದ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ತೂತಿಗೆ ಬಿಡಿ. ಹಿಂದೆ ಕಂಪ್ರೆಸರ್ ಹತ್ತಿರದ ಟ್ರೇಗೆ ನೀರು ಬಂದರೆ ದಾರಿ ಬಿಟ್ಟಿತು. ಬರದಿದ್ದರೆ ಪೈಪಿನ ತುದಿ ನೋಡಿ. ಕೆಲವು ಮಾದರಿಗಳಲ್ಲಿ ಅಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ಇರುತ್ತದೆ. ಅದರ ತುಟಿ ಲೋಳೆ ಹಿಡಿದು ಅಂಟಿಕೊಂಡಿರುತ್ತದೆ, ತೆಗೆದು ತೊಳೆದು ಹಾಕಿ. ಗ್ಯಾಸ್ಕೆಟ್‌ಗೆ ಕಾಗದದ ಪರೀಕ್ಷೆ ಗೊತ್ತಲ್ವಾ? ಬಾಗಿಲಲ್ಲಿ ಕಾಗದ ಸಿಕ್ಕಿಸಿ ಮುಚ್ಚಿ, ಎಳೆದು ನೋಡುವುದು. ನಾಲ್ಕೂ ಬದಿ ಮಾಡಿ, ಕೀಲಿನ ಬದಿಯನ್ನೂ ಬಿಡಬೇಡಿ. ಕಾಗದ ಸಲೀಸಾಗಿ ಜಾರಿ ಬಂದ ಕಡೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿದರೆ ರಬ್ಬರ್ ಎಷ್ಟೋ ಸಲ ತನ್ನ ಆಕಾರಕ್ಕೆ ಬರುತ್ತದೆ. ಬದಲಿಸಲೇಬೇಕಾದರೆ ಕಂಪನಿಯದೇ ಹಾಕಿಸಿ. ಎಲ್ಲಾ ಮಾದರಿಗೂ ಆಗುತ್ತದೆ ಅಂತ ಮಾರುವ ಗ್ಯಾಸ್ಕೆಟ್ ಮೂಲೆಗಳಲ್ಲಿ ಎಷ್ಟೋ ಸಲ ಸರಿಯಾಗಿ ಕೂರುವುದಿಲ್ಲ.

ಪ್ಯಾನೆಲ್ ಬಿಚ್ಚಿದ್ದಾಗಲೇ ಬ್ಲೇಡನ್ನು ಕೈಯಲ್ಲಿ ತಿರುಗಿಸಿ ನೋಡಿ. ಸುತ್ತಲಿನ ಪ್ಲಾಸ್ಟಿಕ್ ಬಳೆಯ ಮೇಲೆ ಕೂದಲೆಳೆಯಂಥ ಹೊಳೆಯುವ ಗೀರು ಇದ್ದರೆ ಬ್ಲೇಡ್ ಅಲ್ಲೇ ಉಜ್ಜುತ್ತಿದೆ. ಐಸ್ ಇಲ್ಲದೆಯೂ ಉಜ್ಜುತ್ತಿದ್ದರೆ ಬ್ಲೇಡ್ ಶಾಫ್ಟ್ ಮೇಲೆ ಸರಿದಿದೆ ಅಥವಾ ಮೋಟಾರಿನ ರಬ್ಬರ್ ಬುಷ್ ಸಡಿಲವಾಗಿದೆ. ಶಾಫ್ಟ್ ಆಚೀಚೆ ಅಲ್ಲಾಡಿದರೆ, ತಿರುಗಿಸುವಾಗ ಗರಗರ ಅಂದರೆ, ಆಗ ಮೋಟಾರ್ ತರಿಸಿ, ನಾನು ಬೇಡ ಅನ್ನುವುದಿಲ್ಲ. ನಿಮ್ಮ ಪ್ರಶ್ನೆಗೆ ಯಾರೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಿರಿ ಅಂದಿದ್ದಾರೆ. ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯದು, ಇಲ್ಲಿಗಲ್ಲ. ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ, ವಾಸನೆ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ. ಪ್ಯಾನೆಲ್ ವಾಪಸ್ ಹಾಕುವಾಗ ಅಂಚಿನ ಫೋಮ್ ಪಟ್ಟಿ ಮರೆಯಬೇಡಿ. ಅದಿಲ್ಲದಿದ್ದರೆ ಪ್ಯಾನೆಲ್ಲೇ ನಡುಗಿ ಹೊಸ ಶಬ್ದ ಕೊಡುತ್ತದೆ.

ಇದೇ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಚೆಸ್ಟ್ ಫ್ರೀಜರ್ (ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆಯಂಥದ್ದು) ಬಗ್ಗೆ ಕೇಳಿದ್ದೀರಿ. ಗೋಡೆಯ ಮೇಲೇ ಐಸ್ ಕಟ್ಟುವ ಮಾದರಿಯಾದರೆ ಒಳಗೆ ಫ್ಯಾನ್ ಇರುವುದಿಲ್ಲ, ಮೇಲೆ ಬರೆದದ್ದು ನಿಮಗೆ ಅನ್ವಯಿಸದು. ನಾಲ್ಕೂ ಕಾಲು ನೆಲಕ್ಕೆ ಸಮವಾಗಿವೆಯಾ, ಹಿಂದಿನ ಪೈಪ್ ಫ್ರೀಜರ್‌ನ ಹೊರಮೈಗೆ ತಾಗುತ್ತಿದೆಯಾ ನೋಡಿ. ತಾಗಿದರೆ ಪೈಪ್ ಬಗ್ಗಿಸಬೇಡಿ, ಮಧ್ಯೆ ರಬ್ಬರ್ ತುಂಡು ಸಿಕ್ಕಿಸಿ. ಗುಳುಗುಳು, ಆಗೊಮ್ಮೆ ಈಗೊಮ್ಮೆ ಟಪ್ ಅನ್ನುವುದು ಮಾಮೂಲು. ಆದರೆ ಗುಂಯ್ ಅಂದು ಟಕ್ ಅಂತ ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಗುಂಯ್–ಟಕ್ ಅಂದರೆ ಕಂಪ್ರೆಸರ್ ಸ್ಟಾರ್ಟ್ ಆಗುತ್ತಿಲ್ಲ. ತಕ್ಷಣ ಪ್ಲಗ್ ಕೀಳಿ. ವೋಲ್ಟೇಜ್ ಕಡಿಮೆ ಇರಬಹುದು, ಕಂಪ್ರೆಸರನ್ನು ಸ್ಟಾರ್ಟ್ ಮಾಡುವ ರಿಲೇ ಹೋಗಿರಬಹುದು. ಹಾಗೇ ಓಡಿಸಿದರೆ ಕಂಪ್ರೆಸರ್ ಸುಟ್ಟೀತು.

ಸರ್, ಎಲ್ಲ ಜೋಡಿಸಿ ಆನ್ ಮಾಡಿದ ಮೇಲೆ ಕೂಡಲೇ ಸಾಮಾನು ತುಂಬಬೇಡಿ. ಒಳಗೆ ಥರ್ಮಾಮೀಟರ್ ಇಟ್ಟು, ಮೈನಸ್ 18 ಡಿಗ್ರಿ ಬಂದ ಮೇಲೆ ತುಂಬಿ. ಹಿಂದಿನ ಗಾಳಿಯ ಕಿಂಡಿಗೆ ಏನನ್ನೂ ಒತ್ತಿ ಇಡಬೇಡಿ. ಐಸ್‌ನ ಫೋಟೊ ತೆಗೆದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.